ಚೀಸ್ ತುಂಡಿನಿಂದ ಎಣ್ಣೆ ಡಬ್ಬಿಯವರೆಗೆ: ಅರೆತಲೆನೋವಿನ ಪಥ್ಯ ಹುಡುಕಿದ ಕತೆ

1963ರಲ್ಲಿ ಇಂಗ್ಲೆಂಡಿನ ನಾಟಿಂಗ್ಯಾಮ್‌ನಿಂದ ಲಂಡನ್ನಿಗೆ ಒಂದು ಪತ್ರ ಬಂತು. ಬರೆದವರು ಜಿ.ಇ.ಎಫ್. ರೋ ಎಂಬ ಔಷಧಿಕಾರರು. ಅವರ ಹೆಂಡತಿ ಖಿನ್ನತೆಗೆಂದು ಆಗ ಹೊಸದಾಗಿ ಬಂದಿದ್ದ ಗುಳಿಗೆಯೊಂದನ್ನು ನುಂಗುತ್ತಿದ್ದರು. ಇದ್ದಕ್ಕಿದ್ದಂತೆ ಆಕೆಗೆ ತಲೆ ಸಿಡಿಯುವಂಥ ನೋವು ಬಂದು, ಎದೆ ಡವಡವ ಹೊಡೆದುಕೊಂಡಿತ್ತು. ಹಾಗಾದದ್ದು ಚೀಸ್ ತಿಂದ ಮೇಲೆ. ಬೆಣ್ಣೆ ತಿಂದರೆ, ಹಾಲು ಕುಡಿದರೆ ಏನೂ ಆಗುತ್ತಿರಲಿಲ್ಲ. ಹಾಗಾದರೆ ಚೀಸಿನಲ್ಲಿರುವ ಯಾವುದೋ ಅಮೈನೊ ಆಮ್ಲಕ್ಕೂ ಈ ತೊಂದರೆಗೂ ನಂಟಿರಬಹುದೇ ಎಂಬುದು ರೋ ಅವರ ಪ್ರಶ್ನೆಯಾಗಿತ್ತು.

ಪತ್ರ ತಲುಪಿದ್ದು ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ಕಿರಿಯ ವೈದ್ಯರಿಗೆ. ಲಂಡನ್ನಿನ ಮಾಡ್‌ಸ್ಲಿ ಮನೋರೋಗ ಆಸ್ಪತ್ರೆಯಲ್ಲಿ ಅವರು ಆಗಿನ್ನೂ ತರಬೇತಿಯಲ್ಲಿದ್ದರು. ಟ್ರಾನಿಲ್‌ಸಿಪ್ರೊಮೀನ್ ಎಂಬ ಆ ಖಿನ್ನತೆಯ ಔಷಧ ತೆಗೆದುಕೊಳ್ಳುವ ಕೆಲವರಿಗೆ ರಕ್ತದೊತ್ತಡ ಏಕಾಏಕಿ ಏರಿ ವಿಪರೀತ ತಲೆನೋವು ಬರುತ್ತಿತ್ತು. ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವವೂ ಆಗಿತ್ತು. ಈ ಬಗ್ಗೆ ಬ್ಲ್ಯಾಕ್‌ವೆಲ್ ಜನವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದಿದ್ದರು. ರೋ ಬರೆದದ್ದು ಅದನ್ನು ಓದಿಯೇ.

ಚೀಸ್ ತಿಂದರೆ ಪ್ರಾಣಕ್ಕೆ ಕುತ್ತು ಎಂಬ ಮಾತನ್ನು ಮೊದಲು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಇಂಗ್ಲೆಂಡಿನವರಿಗೆ ಚೀಸ್ ದಿನನಿತ್ಯದ ತಿನಿಸು. ಆದರೂ ಬ್ಲ್ಯಾಕ್‌ವೆಲ್ ಆ ಪತ್ರವನ್ನು ಮರೆಯಲಿಲ್ಲ. ಇದೇ ಔಷಧ ಸೇವಿಸುತ್ತಿದ್ದ ರೋಗಿಯೊಬ್ಬರಿಗೆ ರಕ್ತದೊತ್ತಡ ಏರಿದಾಗ, ಆಕೆ ಊಟಕ್ಕೆ ಏನು ತಿಂದಿದ್ದರೆಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ವಿಚಾರಿಸಿದರು. ಚೀಸ್ ಹಾಕಿದ ತಿನಿಸು ಎಂದು ಉತ್ತರ ಬಂತು. ತಾವೇ ಗುಳಿಗೆ ನುಂಗಿ ಚೀಸ್ ತಿಂದು ನೋಡಿದರು, ಏನೂ ಆಗಲಿಲ್ಲ. ಆಮೇಲೆ ಔಷಧ ಸೇವಿಸುತ್ತಿದ್ದ ರೋಗಿಯೊಬ್ಬರು ಒಪ್ಪಿ ಚೀಸ್ ತಿಂದರು. ಪಕ್ಕದಲ್ಲೇ ಕುಳಿತು ರಕ್ತದೊತ್ತಡ ಅಳೆಯುತ್ತಿದ್ದಂತೆ ಅದು ಏರತೊಡಗಿತು, ತಲೆನೋವೂ ಬಂತು. ಅದೇ ವರ್ಷ ಲಂಡನ್ನಿನ ಇನ್ನೊಂದು ತಂಡ ಕಾರಣವನ್ನು ರಸಾಯನಶಾಸ್ತ್ರದ ದಾರಿಯಲ್ಲಿ ಹುಡುಕಿ, ಟೈರಮೀನ್ ಎಂಬ ವಸ್ತುವಿನ ಕಡೆ ಬೆರಳು ಮಾಡಿತು.

ಚೀಸನ್ನು ತಿಂಗಳುಗಟ್ಟಲೆ ಮಾಗಲು ಬಿಟ್ಟಾಗ ಸೂಕ್ಷ್ಮಜೀವಿಗಳು ಹಾಲಿನ ಪ್ರೋಟೀನನ್ನು ಒಡೆಯುತ್ತವೆ. ಅದರಲ್ಲಿರುವ ಟೈರೊಸಿನ್ ಎಂಬ ಅಮೈನೊ ಆಮ್ಲ ಟೈರಮೀನ್ ಆಗಿ ಬದಲಾಗುತ್ತದೆ. ನಮ್ಮ ಕರುಳು ಮತ್ತು ಯಕೃತ್ತಿನಲ್ಲಿ ಒಂದು ಕಿಣ್ವವಿದೆ. ಸುಂಕದಕಟ್ಟೆಯಲ್ಲಿ ಕುಳಿತ ಕಾವಲುಗಾರನಂತೆ ಅದು ಟೈರಮೀನನ್ನು ಅಲ್ಲೇ ತಡೆದು ನಾಶಮಾಡುತ್ತದೆ. ಆ ಖಿನ್ನತೆಯ ಗುಳಿಗೆ ಈ ಕಿಣ್ವದ ಕೆಲಸವನ್ನೇ ನಿಲ್ಲಿಸುತ್ತಿತ್ತು. ತಡೆಯಿಲ್ಲದೆ ರಕ್ತಕ್ಕೆ ಸೇರಿದ ಟೈರಮೀನ್ ನರದ ತುದಿಗಳಿಂದ ನಾರ್‌ಅಡ್ರಿನಲಿನ್ ರಾಸಾಯನಿಕವನ್ನು ಹೊರಕ್ಕೆ ತಳ್ಳುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಆ ಬಗೆಯ ಔಷಧ ತೆಗೆದುಕೊಳ್ಳುವವರಿಗೆ ಮಾಗಿದ ಚೀಸ್ ಕೂಡದು ಎಂದು ಇವತ್ತಿಗೂ ವೈದ್ಯರು ಎಚ್ಚರಿಸುತ್ತಾರೆ. ಒಬ್ಬ ಗಂಡ ಹೆಂಡತಿಯ ನೋವನ್ನು ಗಮನವಿಟ್ಟು ನೋಡಿದ್ದರಿಂದ ಎಷ್ಟೋ ಜೀವಗಳು ಉಳಿದವು.

ರೋ ಅವರ ಹೆಂಡತಿಗೆ ಬಂದದ್ದು ಔಷಧದಿಂದಾದ ತಲೆನೋವು. ಅರೆತಲೆನೋವಿಗೂ (ಮೈಗ್ರೇನ್) ಆ ಪತ್ರಕ್ಕೂ ನೇರ ಸಂಬಂಧವಿರಲಿಲ್ಲ. ಆದರೆ ತಟ್ಟೆಯಲ್ಲಿನ ಒಂದು ವಸ್ತು ತಲೆಯೊಳಗೆ ನೋವು ಹುಟ್ಟಿಸಬಲ್ಲದು ಎಂಬುದಕ್ಕೆ ಮೊದಲ ಬಾರಿಗೆ ರಾಸಾಯನಿಕ ಸಾಕ್ಷ್ಯ ಸಿಕ್ಕಿತ್ತು. ಮೈಗ್ರೇನಿನ ಪಥ್ಯದ ಆಧುನಿಕ ಹುಡುಕಾಟ ಶುರುವಾದದ್ದು ಅಲ್ಲಿಂದ.

ಹಳೆಯ ಅನುಮಾನ, ಹೊಸ ಪರೀಕ್ಷೆ

ಅನುಮಾನವಂತೂ ಬಹಳ ಹಳೆಯದು. 1778ರಲ್ಲಿ ಜಾನ್ ಫಾದರ್‌ಗಿಲ್ ಎಂಬ ಲಂಡನ್ನಿನ ಹೆಸರಾಂತ ವೈದ್ಯರು, ವಾಂತಿಯೊಂದಿಗೆ ಬರುವ ತಲೆನೋವಿನ ಬಗ್ಗೆ ತಮ್ಮ ಜೊತೆಯ ವೈದ್ಯರ ಮುಂದೆ ಒಂದು ಪ್ರಬಂಧ ಓದಿದರು. ನೋವಿಗೆ ಮುಂಚೆ ಕಣ್ಣ ಮುಂದೆ ಕೋಟೆಗೋಡೆಯ ಮೂಲೆಗಳಂತೆ ಮಿನುಗುವ ಬೆಳಕಿನ ಗೆರೆಗಳು ಕಾಣುವುದನ್ನು ಅವರು ವರ್ಣಿಸಿದ್ದರು. ಕಾರಣ ಹೇಳುವಾಗ ಊಟದ ತಟ್ಟೆಯನ್ನೇ ತೋರಿಸಿದ್ದರು: ಕರಗಿಸಿದ ಬೆಣ್ಣೆ, ಕೊಬ್ಬಿನ ಮಾಂಸ, ಮಸಾಲೆ, ಗಾಢವಾದ ಬಿಯರು. ನಮ್ಮ ಮನೆಗಳಲ್ಲಿ ಅಜ್ಜಿಯರು 'ಪಿತ್ತ ಕೆರಳಿದೆ, ವಾಂತಿಯಾದರೆ ತಲೆ ಹಗುರಾಗುತ್ತದೆ' ಎನ್ನುತ್ತಿದ್ದಾಗ ಅವರ ಕಣ್ಣಿಗೆ ಬಿದ್ದಿದ್ದೂ ಇದೇ ಹೊಟ್ಟೆ ಮತ್ತು ತಲೆಯ ನಂಟು.

ಗಮನಿಸುವುದು ಒಂದು, ಪರೀಕ್ಷಿಸಿ ನೋಡುವುದು ಇನ್ನೊಂದು. ಎರಡನೆಯದಕ್ಕೆ ಕೈಹಾಕಿದವರು ಲಂಡನ್ನಿನ ವೈದ್ಯೆ ಎಡ್ಡಾ ಹ್ಯಾನಿಂಗ್ಟನ್. ಖಿನ್ನತೆಯ ಗುಳಿಗೆ ತೆಗೆದುಕೊಳ್ಳುವವರು ತಿನ್ನಬಾರದ ಪದಾರ್ಥಗಳು ಯಾವುವೋ, ಮೈಗ್ರೇನ್ ರೋಗಿಗಳು 'ನಮಗೆ ಆಗಿಬರುವುದಿಲ್ಲ' ಎನ್ನುತ್ತಿದ್ದ ಪದಾರ್ಥಗಳೂ ಹೆಚ್ಚುಕಡಿಮೆ ಅವೇ ಎಂಬುದು ಅವರ ಗಮನಕ್ಕೆ ಬಂತು. ಎರಡರಲ್ಲೂ ಮಾಗಿದ ಚೀಸ್ ಇತ್ತು. ಆಹಾರದಿಂದ ತಲೆನೋವು ಬರುತ್ತದೆ ಎನ್ನುವ ರೋಗಿಗಳಿಗೆ ಅವರು ಟೈರಮೀನ್ ತುಂಬಿದ ಗುಳಿಗೆಗಳನ್ನೂ, ನೋಡಲು ಅದೇ ಥರದ ಆದರೆ ಬರೀ ಹಾಲಿನ ಸಕ್ಕರೆ ತುಂಬಿದ ಹುಸಿಗುಳಿಗೆಗಳನ್ನೂ ಕೊಟ್ಟರು. ಟೈರಮೀನ್ ತೆಗೆದುಕೊಂಡಾಗ ತಲೆನೋವು ಬಂತು. 1967ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಈ ವರದಿಯನ್ನು ಪ್ರಕಟಿಸಿತು.

ಸುದ್ದಿ ಬೇಗ ಹರಡಿತು. ಚೀಸ್, ಚಾಕೊಲೇಟ್, ಕಿತ್ತಳೆ, ಕೆಂಪು ವೈನ್ ಎಂದು ವರ್ಜ್ಯಗಳ ಪಟ್ಟಿಗಳು ಅಚ್ಚಾದವು. ವರ್ಷ ಹೋದಂತೆ ಪಟ್ಟಿ ಬೆಳೆಯಿತು, ದೇಶದಿಂದ ದೇಶಕ್ಕೆ ಹೋಯಿತು. 1972ರಲ್ಲಿ ಇನ್ನೆರಡು ಹೆಸರು ಸೇರಲು ಕಾರಣವಾದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯರಾದ ಹೆಂಡರ್ಸನ್ ಮತ್ತು ರಾಸ್ಕಿನ್. ಹಾಟ್ ಡಾಗ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸಕ್ಕೆ ಬಣ್ಣ ಉಳಿಯಲೆಂದು ಸೇರಿಸುವ ನೈಟ್ರೈಟ್ ಉಪ್ಪು ಕೆಲವರಿಗೆ ತಲೆನೋವು ತರುತ್ತದೆಂದು ಅವರು ತೋರಿಸಿದರು.

ಇಷ್ಟರಲ್ಲೇ ಅಪಸ್ವರ ಕೇಳಿಬಂದಿತ್ತು. ಮಾಫೆಟ್, ಸ್ವಾಶ್ ಮತ್ತು ಸ್ಕಾಟ್ ಎಂಬ ಮೂವರು ಬ್ರಿಟಿಷ್ ಸಂಶೋಧಕರು ಟೈರಮೀನನ್ನು 1972ರಲ್ಲಿ ಮತ್ತೆ ಪರೀಕ್ಷೆಗೆ ಒಡ್ಡಿದರು. ಯಾವ ಗುಳಿಗೆಯಲ್ಲಿ ಏನಿದೆ ಎಂಬುದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು. ಫಲಿತಾಂಶ ಹ್ಯಾನಿಂಗ್ಟನ್ ಅವರದಕ್ಕಿಂತ ಬೇರೆಯಾಗಿತ್ತು. ಟೈರಮೀನಿಗೂ ಹುಸಿಗುಳಿಗೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷದ ಬಳಿಕ ಚಾಕೊಲೇಟನ್ನು ಹೀಗೆಯೇ ಪರೀಕ್ಷಿಸಿದಾಗಲೂ ಅದರ ಮೇಲಿನ ಆರೋಪ ಸಾಬೀತಾಗಲಿಲ್ಲ.

ತಿನ್ನದಿದ್ದರೂ ನೋವು

ಪಟ್ಟಿಗಳ ಗದ್ದಲದಲ್ಲಿ ಸರಿಯಾಗಿ ಕೇಳಿಸದೇ ಹೋದ ಒಂದು ಸರಳ ಪ್ರಯೋಗವಿದೆ. 1966ರಲ್ಲಿ ಲಂಡನ್ನಿನ ಬ್ಲಾ ಮತ್ತು ಕಮಿಂಗ್ಸ್ ಎಂಬ ವೈದ್ಯರು 12 ಮಂದಿ ಮೈಗ್ರೇನ್ ರೋಗಿಗಳಿಗೆ ಉಪವಾಸ ಮಾಡಿಸಿದರು. ರಾತ್ರಿಯಿಡೀ, ಮರುದಿನವೂ ಬಹುಹೊತ್ತು ಹೊಟ್ಟೆಗೆ ಏನೂ ಇಲ್ಲ. ಆರು ಮಂದಿಗೆ ತಲೆನೋವು ಬಂತು. ತಿಂದದ್ದನ್ನೇ ಎಲ್ಲರೂ ಹುಡುಕುತ್ತಿದ್ದ ಕಾಲದಲ್ಲಿ, ತಿನ್ನದೇ ಇರುವುದೂ ನೋವು ತರುತ್ತದೆ ಎಂದು ತೋರಿಸಿದ ಪ್ರಯೋಗ ಅದು. ಆ ಮೇಲೆ ಇಸ್ರೇಲಿನ ವೈದ್ಯರು ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದ ದಿನ ಬರುವ ತಲೆನೋವನ್ನು ಅಧ್ಯಯನ ಮಾಡಿದರು. ರಂಜಾನ್ ತಿಂಗಳ ತಲೆನೋವಿನ ಬಗ್ಗೆಯೂ ಅಧ್ಯಯನಗಳಾದವು. ಏಕಾದಶಿ, ಸಂಕಷ್ಟಿಯ ಉಪವಾಸ ಮಾಡುವ, ಪೂಜೆ ಮುಗಿಯುವವರೆಗೆ ಹನಿ ನೀರೂ ಮುಟ್ಟದ, ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ನಮ್ಮ ಹೆಂಗಸರಿಗೆ ಈ ಸಂಗತಿಯನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು. ಹೊತ್ತಿಗೆ ಸರಿಯಾಗಿ ಉಣ್ಣುವುದು ಮೈಗ್ರೇನಿನ ಪಥ್ಯದಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಅಪಾಯವಿಲ್ಲದ್ದು.

ಒಂದೊಂದೇ ಪದಾರ್ಥವನ್ನು ಶಂಕಿಸುವ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದವರು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಎಗ್ಗರ್ ಮತ್ತು ಸಂಗಡಿಗರು. ಪದೇಪದೇ ತೀವ್ರ ಮೈಗ್ರೇನಿನಿಂದ ನರಳುತ್ತಿದ್ದ 88 ಮಕ್ಕಳಿಗೆ ಅವರು ಬಹಳ ಬಿಗಿಯಾದ ಪಥ್ಯ ಕೊಟ್ಟರು: ಒಂದು ಬಗೆಯ ಮಾಂಸ, ಅಕ್ಕಿ ಅಥವಾ ಆಲೂಗಡ್ಡೆ, ಒಂದು ಹಣ್ಣು, ಕೋಸಿನ ಜಾತಿಯ ತರಕಾರಿ, ನೀರು, ಜೊತೆಗೆ ವಿಟಮಿನ್. ಕೆಲವು ವಾರಗಳಲ್ಲಿ 93 ಪ್ರತಿಶತ ಮಕ್ಕಳ ನೋವು ಬಿಟ್ಟಿತು. ಬಿಟ್ಟಿದ್ದ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ಕೊಡುತ್ತ, ಯಾವುದರಿಂದ ನೋವು ಮರಳುತ್ತದೆಂದು ನೋಡಿದರು. 40 ಮಕ್ಕಳಲ್ಲಿ ಅದನ್ನು ಗುಟ್ಟಾದ ಪರೀಕ್ಷೆಯಿಂದಲೂ ಖಚಿತಪಡಿಸಿಕೊಂಡರು. 1983ರಲ್ಲಿ ಪ್ರಕಟವಾದ ಈ ಫಲಿತಾಂಶ ಬೆರಗು ಹುಟ್ಟಿಸಿತು. ಒಂದು ಮಗುವಿಗೆ ಹಾಲು, ಇನ್ನೊಂದಕ್ಕೆ ಗೋಧಿ, ಮತ್ತೊಂದಕ್ಕೆ ಮೊಟ್ಟೆ ಎಂದು ಕಾರಣಗಳು ಬೇರೆಬೇರೆಯಾಗಿದ್ದವು. ಎಲ್ಲರಿಗೂ ಹೊಂದುವ ಒಂದು ಪಟ್ಟಿ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಆದರೆ ಬೆಳೆಯುವ ಮಕ್ಕಳಿಗೆ ಇಂಥ ಪಥ್ಯವನ್ನು ಆಸ್ಪತ್ರೆಯ ಕಣ್ಗಾವಲಿಲ್ಲದೆ ಮಾಡಿಸುವಂತಿಲ್ಲ. ಹೀಗಾಗಿ ಅದು ದೊಡ್ಡಾಸ್ಪತ್ರೆಗಳ ಆಚೆ ಬಹಳ ದೂರ ಹೋಗಲಿಲ್ಲ.

ಚಾಕೊಲೇಟಿನ ಮೇಲಿನ ಆರೋಪ

ಚಾಕೊಲೇಟ್ ವಿಚಾರ ಬಗೆಹರಿದ ರೀತಿ ಈ ಇಡೀ ಕತೆಯ ತಿರುವು.

1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡಾನ್ ಮಾರ್ಕಸ್ ಮತ್ತು ಸಂಗಡಿಗರು ದೀರ್ಘಕಾಲದಿಂದ ತಲೆನೋವಿದ್ದ 63 ಹೆಂಗಸರನ್ನು ಸೇರಿಸಿಕೊಂಡು ಒಂದು ಪರೀಕ್ಷೆ ಮಾಡಿದರು. ಕ್ಯಾರಬ್ ಎಂಬ ಮರದ ಕಾಯಿಯ ಪುಡಿಯಿಂದ ಚಾಕೊಲೇಟನ್ನೇ ಹೋಲುವ ತಿನಿಸು ಮಾಡಬಹುದು. ಯಾವುದು ಚಾಕೊಲೇಟ್, ಯಾವುದು ಕ್ಯಾರಬ್ ಎಂದು ಗೊತ್ತಾಗದಂತೆ ಎರಡನ್ನೂ ಕೊಟ್ಟರು. ಚಾಕೊಲೇಟ್ ತಿಂದಾಗ ಬಂದ ತಲೆನೋವು ಕ್ಯಾರಬ್ ತಿಂದಾಗಿನದಕ್ಕಿಂತ ಹೆಚ್ಚಿರಲಿಲ್ಲ. 'ನನಗೆ ಚಾಕೊಲೇಟ್ ಆಗದು' ಎಂದು ಗಟ್ಟಿಯಾಗಿ ನಂಬಿದ್ದವರಲ್ಲೂ ಹಾಗೆಯೇ ಆಯಿತು.

ಹಾಗಾದರೆ ಇಷ್ಟೊಂದು ಜನರ ಅನುಭವ ಸುಳ್ಳೇ? ಸುಳ್ಳಲ್ಲ ಎಂಬ ಉತ್ತರ ಬೇರೊಂದು ದಿಕ್ಕಿನಿಂದ ಬಂತು. ಮೈಗ್ರೇನ್ ಶುರುವಾಗುವುದು ತಲೆ ನೋಯಲು ತೊಡಗಿದಾಗ ಅಲ್ಲ; ಅದಕ್ಕೆ ಗಂಟೆಗಟ್ಟಲೆ ಮುಂಚೆ, ಕೆಲವೊಮ್ಮೆ ಒಂದೆರಡು ದಿನ ಮುಂಚೆ. ಸುಸ್ತು, ಆಕಳಿಕೆ, ಕುತ್ತಿಗೆ ಬಿಗಿತ, ಮನಸ್ಸು ನಿಲ್ಲದಿರುವುದು, ಸಿಹಿ ತಿನ್ನಬೇಕೆಂಬ ತೀರದ ಚಪಲ, ಇವೆಲ್ಲ ಮುನ್ಸೂಚನೆಗಳು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ಎಲೆಕ್ಟ್ರಾನಿಕ್ ದಿನಚರಿ ಕೊಟ್ಟು ಇವನ್ನು ಬರೆದಿಡಲು ಹೇಳಿದ್ದರು. ಮುನ್ಸೂಚನೆ ದಾಖಲಿಸಿದ ಸಂದರ್ಭಗಳಲ್ಲಿ 72 ಪ್ರತಿಶತ ಬಾರಿ, ತಲೆನೋವು ಬರಲಿದೆ ಎಂದು ಅವರು ಹೇಳಿದ್ದು ನಿಜವಾಯಿತು.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಲಾರಾ ಶುಲ್ಟೆ ಮತ್ತು ಆರ್ನೆ ಮೇ ಇದನ್ನು ಮಿದುಳಿನೊಳಗೇ ನೋಡಿದರು. ಮೈಗ್ರೇನ್ ಇದ್ದ ಒಬ್ಬ ಮಹಿಳೆ ಸತತ 30 ದಿನ, ದಿನಕ್ಕೊಮ್ಮೆ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಲು ಒಪ್ಪಿದರು. ಆ ಅವಧಿಯಲ್ಲಿ ಅವರಿಗೆ ಮೂರು ಬಾರಿ ತಾನಾಗಿಯೇ ನೋವು ಬಂತು. 2016ರಲ್ಲಿ ಹೊರಬಂದ ವರದಿಯ ಪ್ರಕಾರ, ನೋವು ಬರುವುದಕ್ಕೆ ಮುಂಚಿನ 24 ಗಂಟೆಗಳಲ್ಲಿ ಹೈಪೋಥಲಾಮಸ್ ಎಂಬ ಭಾಗದ ಚಟುವಟಿಕೆ ಬದಲಾಗಿತ್ತು. ಮಿದುಳಿನ ತಳದಲ್ಲಿರುವ ಈ ಪುಟ್ಟ ಭಾಗವೇ ನಮ್ಮ ಹಸಿವು, ಬಾಯಾರಿಕೆ, ನಿದ್ದೆಗಳನ್ನು ನಡೆಸುವುದು.

ಆಗ ಹಳೆಯ ಲೆಕ್ಕ ತಿರುಗಿ ನಿಂತಿತು. ಮೈಗ್ರೇನ್ ಒಳಗೆ ಆಗಲೇ ಶುರುವಾಗಿರುತ್ತದೆ. ಅದು ಸಿಹಿಯ ಆಸೆ ಹುಟ್ಟಿಸುತ್ತದೆ. ಆಸೆ ತಡೆಯದೆ ಚಾಕೊಲೇಟ್ ತಿನ್ನುತ್ತೇವೆ. ಕೆಲವು ಗಂಟೆಯ ಬಳಿಕ ತಲೆನೋವು ಬಂದಾಗ ತಿಂದದ್ದನ್ನು ದೂರುತ್ತೇವೆ. ಎಲ್ಲ ಆಹಾರಕ್ಕೂ ಈ ವಿವರಣೆ ಅನ್ವಯಿಸದು. ಆದರೆ ಇದರಿಂದ ರೋಗಿಗಳ ಹೆಗಲಿನಿಂದ ಒಂದು ದೊಡ್ಡ ಹೊರೆ ಇಳಿಯಿತು. ಎಷ್ಟೋ ಜನ, ಅದರಲ್ಲೂ ಹೆಂಗಸರು, 'ನಾಲಿಗೆ ಚಪಲಕ್ಕೆ ತಿಂದೆಯಲ್ಲ, ಅನುಭವಿಸು' ಎಂಬ ಮಾತು ಕೇಳಿಕೊಂಡೇ ನೋವು ತಿಂದಿದ್ದಾರೆ. ಆ ಮಾತಿಗೆ ಆಧಾರವಿಲ್ಲ.

ಪದಾರ್ಥದಿಂದ ಇಂಧನಕ್ಕೆ, ಇಂಧನದಿಂದ ಎಣ್ಣೆಗೆ

ಒಂದೊಂದು ಪದಾರ್ಥವನ್ನು ಬೇಟೆಯಾಡುವುದು ಬಿಟ್ಟು, ಇಡೀ ಊಟದ ಹದವನ್ನೇ ಬದಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಆಮೇಲೆ ಮುನ್ನೆಲೆಗೆ ಬಂತು. ಇದರ ಒಂದು ಎಳೆ ಇಟಲಿಯಲ್ಲಿದೆ. ಅಲ್ಲಿನ ಅವಳಿ ಅಕ್ಕತಂಗಿಯರಿಬ್ಬರು ತೂಕ ಇಳಿಸಲೆಂದು ಕೀಟೋಜೆನಿಕ್ ಪಥ್ಯ ಹಿಡಿದರು. ಅಂದರೆ ಅನ್ನ, ಬ್ರೆಡ್, ಸಕ್ಕರೆ ತೀರ ಕಡಿಮೆ ಮಾಡಿ, ದೇಹ ಕೊಬ್ಬನ್ನೇ ಉರುವಲಾಗಿ ಬಳಸುವಂತೆ ಮಾಡುವ ಪಥ್ಯ. ಇಬ್ಬರಿಗೂ ಪದೇಪದೇ ಮೈಗ್ರೇನ್ ಬರುತ್ತಿತ್ತು. ಪಥ್ಯದ ವಾರಗಳಲ್ಲಿ ಅದು ಬಿಟ್ಟಿತು, ಪಥ್ಯ ನಿಲ್ಲಿಸಿದಾಗ ಮರಳಿತು. ನರವೈದ್ಯ ಕೆರುಬಿನೊ ಡಿ ಲೊರೆಂಜೊ ಮತ್ತು ಸಂಗಡಿಗರು 2013ರಲ್ಲಿ ಇದನ್ನು ವರದಿ ಮಾಡಿ, ನಂತರ ಹೆಚ್ಚು ಜನರ ಮೇಲೆ ಅಧ್ಯಯನ ಮುಂದುವರಿಸಿದರು. ಹಳೆಯ ಪತ್ರಿಕೆಗಳಲ್ಲಿ ಇದರ ಸುಳಿವು ಮೊದಲೇ ಇತ್ತು: 1928 ಮತ್ತು 1930ರಲ್ಲೇ ಅಮೆರಿಕದ ವೈದ್ಯರು ಮೈಗ್ರೇನಿಗೆ ಈ ಪಥ್ಯ ಪ್ರಯತ್ನಿಸಿ ಬರೆದಿದ್ದರು. ಆಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಈ ಪಥ್ಯ ಕಠಿಣ. ವೈದ್ಯರ ನಿಗಾ ಇಲ್ಲದೆ ಮಾಡುವಂಥದ್ದಲ್ಲ.

ಎರಡನೇ ಎಳೆ ಹಿಡಿದವರು ಅಮೆರಿಕದ ವೈದ್ಯ ಕ್ರಿಸ್ಟಫರ್ ರಾಮ್ಸ್‌ಡೆನ್. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಮತ್ತು ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡದ ಜೊತೆ ಅವರು ಕೇಳಿದ ಪ್ರಶ್ನೆ ಅಡುಗೆ ಎಣ್ಣೆಯದ್ದು. ಎಣ್ಣೆಬೀಜಗಳಲ್ಲಿ ಲಿನೋಲೆಯಿಕ್ ಆಮ್ಲ ಎಂಬ ಒಮೇಗಾ-6 ಕೊಬ್ಬು ಇರುತ್ತದೆ. 1909ರಲ್ಲಿ ಅಮೆರಿಕನ್ನರ ಆಹಾರದ ಶಕ್ತಿಯಲ್ಲಿ ಅದರ ಪಾಲು 3 ಪ್ರತಿಶತಕ್ಕಿಂತ ಕಡಿಮೆಯಿತ್ತು. ಸೋಯಾ ಎಣ್ಣೆಯ ಬಳಕೆ ಏರಿದಂತೆ, ಶತಮಾನದ ಕೊನೆಗೆ 7 ಪ್ರತಿಶತ ದಾಟಿತು. ನಾವು ತಿನ್ನುವ ಕೊಬ್ಬು ಬರೀ ಸುಟ್ಟು ಶಕ್ತಿಯಾಗುವುದಿಲ್ಲ. ನರಗಳ, ರಕ್ತಕಣಗಳ ಹೊರಪದರಕ್ಕೆ ಸೇರಿ ಅಲ್ಲಿ ಕೂರುತ್ತದೆ. ಬೇಕಾದಾಗ ದೇಹ ಅದನ್ನು ಒಡೆದು ಸಂದೇಶ ಒಯ್ಯುವ ಸಣ್ಣ ಅಣುಗಳನ್ನು ಮಾಡಿಕೊಳ್ಳುತ್ತದೆ. ಲಿನೋಲೆಯಿಕ್ ಆಮ್ಲದಿಂದ ಹುಟ್ಟುವ ಕೆಲವು ಅಣುಗಳು ನೋವಿನ ನರಗಳನ್ನು ಕೆರಳಿಸುತ್ತವೆ. ಮೀನಿನಲ್ಲಿ ಸಿಗುವ ಇಪಿಎ, ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬುಗಳಿಂದ ಹುಟ್ಟುವ ಕೆಲವು ಅಣುಗಳು ಉರಿಯೂತವನ್ನು ತಣಿಸುತ್ತವೆ. ಹಾಗಿದ್ದರೆ ಮೊದಲನೆಯದನ್ನು ಇಳಿಸಿ ಎರಡನೆಯದನ್ನು ಏರಿಸಿದರೆ ತಲೆನೋವು ಕಡಿಮೆಯಾಗಬೇಕಲ್ಲ?

2013ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗ ಹೌದು ಎಂದಿತು. ದೊಡ್ಡ ಪ್ರಯೋಗದ ವರದಿ 2021ರ ಜುಲೈನಲ್ಲಿ ಬಂತು. ತಿಂಗಳಿಗೆ ಸರಾಸರಿ 16 ದಿನ ತಲೆನೋವು ಅನುಭವಿಸುತ್ತಿದ್ದ 182 ಮಂದಿಯನ್ನು, ಹೆಚ್ಚಿನವರು ಹೆಂಗಸರು, ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. 16 ವಾರಗಳ ಪಥ್ಯ. ಮೊದಲ ಗುಂಪಿಗೆ ದಿನಕ್ಕೆ 1.5 ಗ್ರಾಂ ಮೀನಿನ ಒಮೇಗಾ-3, ಜೊತೆಗೆ ಲಿನೋಲೆಯಿಕ್ ಆಮ್ಲವನ್ನು ಆಹಾರಶಕ್ತಿಯ 1.8 ಪ್ರತಿಶತಕ್ಕೆ ಇಳಿಸಿದ ಊಟ. ಎರಡನೆಯದಕ್ಕೆ ಅಷ್ಟೇ ಒಮೇಗಾ-3, ಆದರೆ ಲಿನೋಲೆಯಿಕ್ ಆಮ್ಲ ಸಾಮಾನ್ಯ ಅಮೆರಿಕನ್ ಊಟದಲ್ಲಿದ್ದಂತೆ 7.2 ಪ್ರತಿಶತ. ಮೂರನೆಯದಕ್ಕೆ ಮಾಮೂಲಿ ಅಮೆರಿಕನ್ ಊಟದ ಪ್ರಮಾಣಗಳು. ಮೀನು, ಅಡುಗೆ ಎಣ್ಣೆ, ತಿಂಡಿಗಳನ್ನು ಸಂಶೋಧಕರೇ ಒದಗಿಸಿದರು. ರೋಗಿಗಳು ಪ್ರತಿದಿನ ದಿನಚರಿ ಬರೆದರು. ತಾವು ತೆಗೆದುಕೊಳ್ಳುತ್ತಿದ್ದ ಔಷಧವನ್ನು ಯಾರೂ ಬಿಡಬೇಕಿರಲಿಲ್ಲ.

ಮಾಮೂಲಿ ಊಟದ ಗುಂಪಿಗೆ ಹೋಲಿಸಿದರೆ, ಬರೀ ಒಮೇಗಾ-3 ಹೆಚ್ಚಿಸಿದವರಿಗೆ ತಿಂಗಳಿಗೆ 2 ದಿನ ತಲೆನೋವು ಕಡಿಮೆಯಾಯಿತು. ಒಮೇಗಾ-3 ಹೆಚ್ಚಿಸಿ ಲಿನೋಲೆಯಿಕ್ ಆಮ್ಲವನ್ನೂ ಇಳಿಸಿದವರಿಗೆ 4 ದಿನ. ಮೈಗ್ರೇನ್ ತಡೆಯಲೆಂದೇ ಬಂದಿರುವ ದುಬಾರಿ ಹೊಸ ಚುಚ್ಚುಮದ್ದುಗಳ ಪ್ರಯೋಗಗಳಲ್ಲಿ, ಹುಸಿಮದ್ದಿಗೆ ಹೋಲಿಸಿದಾಗ ಸಿಕ್ಕ ಲಾಭ ಸಾಮಾನ್ಯವಾಗಿ ಎರಡು ದಿನದ ಆಸುಪಾಸಿನದು. ಎರಡು ಬೇರೆಬೇರೆ ಪ್ರಯೋಗಗಳನ್ನು ತಕ್ಕಡಿಗೆ ಹಾಕಿ ತೂಗಲಾಗದು, ನಿಜ. ಆದರೂ ಅಡುಗೆಮನೆಯಿಂದ ಬಂದ ಈ ಫಲ ಕಡೆಗಣಿಸುವಂಥದ್ದಲ್ಲ. ರಕ್ತಪರೀಕ್ಷೆಯಲ್ಲಿ ನೋವು ತಣಿಸುವ ಅಣುವೊಂದರ ಪ್ರಮಾಣವೂ ಏರಿತ್ತು. ಜೀವನದ ಮೇಲೆ ತಲೆನೋವಿನ ಪರಿಣಾಮವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಮಾತ್ರ ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ. ಅದನ್ನೂ ಸಂಶೋಧಕರು ಮರೆಮಾಚದೆ ಬರೆದರು.

ನಮ್ಮ ಅಡುಗೆಮನೆಗೆ ಬಂದರೆ

ಈ ಕತೆಯಲ್ಲಿ ಕರ್ನಾಟಕಕ್ಕೆ ಗಟ್ಟಿಯಾದ ಪಾಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ಮಾತಾಡಿಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣ 25.2 ಪ್ರತಿಶತ. ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಪೇಟೆಯವರ ಕಾಯಿಲೆ, ಓದಿದವರ ಕಾಯಿಲೆ ಎಂಬ ಮಾತನ್ನು ಈ ಅಂಕಿಗಳು ತಳ್ಳಿಹಾಕಿವೆ.

ಮಾಗಿದ ಚೀಸ್, ಹಾಟ್ ಡಾಗ್, ಕೆಂಪು ವೈನ್ ಇರುವ ವಿದೇಶಿ ಪಟ್ಟಿಯಿಂದ ದಾವಣಗೆರೆಯ ಅಥವಾ ಸುಳ್ಯದ ಮನೆಯೊಂದಕ್ಕೆ ಹೆಚ್ಚಿನ ಉಪಯೋಗವಿಲ್ಲ. ನಮ್ಮ ತಾಜಾ ಪನೀರು ಮಾಗಿದ ಚೀಸ್ ಅಲ್ಲ, ಅದಕ್ಕೆ ಹೆದರಬೇಕಿಲ್ಲ. ಎಣ್ಣೆಯ ವಿಚಾರ ಹಾಗಲ್ಲ, ಅದು ನಮ್ಮ ಒಲೆಯ ಪಕ್ಕದಲ್ಲೇ ಇದೆ. ದೇಶದಲ್ಲಿ ಅತಿ ಹೆಚ್ಚು ಸೂರ್ಯಕಾಂತಿ ಬೆಳೆಯುವ ರಾಜ್ಯ ನಮ್ಮದು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, ವಿಜಯಪುರ, ಕಲಬುರಗಿ ಸೀಮೆಯ ಕುಸುಬೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಭಾಗ ಲಿನೋಲೆಯಿಕ್ ಆಮ್ಲವೇ. ಶೇಂಗಾ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ತೆಂಗಿನೆಣ್ಣೆ, ತುಪ್ಪಗಳಲ್ಲಿ ತೀರ ಕಡಿಮೆ. ಕರಾವಳಿಯ ಬಂಗುಡೆ, ಭೂತಾಯಿ ಮೀನುಗಳು ಒಮೇಗಾ-3ರ ಒಳ್ಳೆಯ ಆಕರಗಳು. ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯಲ್ಲೂ ಒಂದು ಬಗೆಯ ಒಮೇಗಾ-3 ಇದೆ. ಆದರೆ ದೇಹ ಅದನ್ನು ಮೀನಿನಲ್ಲಿರುವ ರೂಪಕ್ಕೆ ಬದಲಿಸಿಕೊಳ್ಳುವುದು ಅಲ್ಪ ಪ್ರಮಾಣದಲ್ಲಿ ಮಾತ್ರ. ಅಮೆರಿಕದ ಪ್ರಯೋಗ ಪರೀಕ್ಷಿಸಿದ್ದೂ ಮೀನಿನ ಒಮೇಗಾ-3ನ್ನು.

ಇದನ್ನು ಓದಿ ನಾಳೆಯೇ ಮನೆಯ ಎಣ್ಣೆ ಬದಲಿಸಲು ಹೊರಡುವವರು ಒಂದು ಮಾತು ಗಮನಿಸಬೇಕು. ಹೃದ್ರೋಗ ತಜ್ಞರ ಸಂಘಗಳು ಕೊಲೆಸ್ಟರಾಲ್ ಇಳಿಸಲೆಂದು ಸೂರ್ಯಕಾಂತಿಯಂಥ ಎಣ್ಣೆಗಳನ್ನೇ ಶಿಫಾರಸು ಮಾಡುತ್ತ ಬಂದಿವೆ. ತುಪ್ಪ, ತೆಂಗಿನೆಣ್ಣೆ ಏರಿಸುವುದು ಹೃದಯಕ್ಕೆ ಒಳಿತಲ್ಲ ಎಂಬುದು ಅವರ ನಿಲುವು. ಮೈಗ್ರೇನ್ ಜೊತೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು. ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಷ್ಟು ತೀವ್ರ ನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಪಥ್ಯ ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ಹುಡುಕಾಟದಿಂದ ಯಾರು ಬೇಕಾದರೂ ಇವತ್ತೇ ಬಳಸಿಕೊಳ್ಳಬಹುದಾದದ್ದು ಇಷ್ಟು. ಹೊತ್ತು ತಪ್ಪಿಸದೆ ಉಣ್ಣಬೇಕು. ಕಾಫಿ ಕುಡಿಯುವವರು ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಕುಡಿಯಬೇಕು. 1992ರ ಅಮೆರಿಕದ ಅಧ್ಯಯನವೊಂದರಲ್ಲಿ, ದಿನಕ್ಕೆ ಎರಡು ಮೂರು ಲೋಟದಷ್ಟು ಕಾಫಿ ಕುಡಿಯುತ್ತಿದ್ದ 62 ಆರೋಗ್ಯವಂತರಿಗೆ ಕೆಫೀನ್ ನಿಲ್ಲಿಸಿದಾಗ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಾಕಷ್ಟು ಜೋರಾದ ತಲೆನೋವು ಬಂದಿತ್ತು. ಒಂದು ನೋಟ್‌ಬುಕ್ಕಿನಲ್ಲಿ ಊಟ, ನಿದ್ದೆ, ಮುಟ್ಟಿನ ದಿನ, ನೋವು ಬಂದ ಗಂಟೆ, ಅದರ ಹಿಂದಿನ ದಿನದ ಆಕಳಿಕೆ ಮತ್ತು ಚಪಲ, ಎಲ್ಲವನ್ನೂ ಬರೆದಿಡಬೇಕು. ಯಾವುದಾದರೂ ಪದಾರ್ಥದ ಮೇಲೆ ಅನುಮಾನ ಬಂದರೆ ಅದೊಂದನ್ನೇ ಕೆಲವು ವಾರ ಬಿಟ್ಟು, ಮತ್ತೆ ತಿಂದು ನೋಡಬೇಕು. ನೋವು ಬದಲಾಗದಿದ್ದರೆ ಅದನ್ನು ನಿಶ್ಚಿಂತೆಯಿಂದ ತಟ್ಟೆಗೆ ಮರಳಿಸಬೇಕು. ಹತ್ತು ಪದಾರ್ಥ ಒಟ್ಟಿಗೆ ಬಿಟ್ಟು ಸೊರಗುವುದು ಪಥ್ಯವಲ್ಲ.

ಆರು ದಶಕಗಳ ಈ ಹುಡುಕಾಟವನ್ನು ಮುಂದಕ್ಕೆ ಒಯ್ದದ್ದು ಎರಡು ಬಗೆಯ ಜನ. ತಮ್ಮ ಅಥವಾ ತಮ್ಮವರ ನೋವನ್ನು ಕಣ್ಣಿಟ್ಟು ನೋಡಿ ಹೇಳಿದ ರೋಗಿಗಳು ಮತ್ತು ಮನೆಯವರು. ಅದನ್ನು ಅಲ್ಲಗಳೆಯದೆ, ಹಾಗೆಯೇ ನಂಬಿಯೂ ಬಿಡದೆ, ಪರೀಕ್ಷೆಗೆ ಒಡ್ಡಿದ ವೈದ್ಯರು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಚೀಸಿನ ಪತ್ರ ಕಸದ ಬುಟ್ಟಿ ಸೇರುತ್ತಿತ್ತು, ಚಾಕೊಲೇಟ್ ಇವತ್ತಿಗೂ ಅಪರಾಧಿಯಾಗಿಯೇ ಉಳಿಯುತ್ತಿತ್ತು. ನಾಲ್ವರಲ್ಲಿ ಒಬ್ಬರಿಗೆ ಈ ನೋವಿರುವ ನಾಡಿನಲ್ಲಿ, ಜೋಳದ ರೊಟ್ಟಿ, ಮುದ್ದೆ, ಕುಚ್ಚಲಕ್ಕಿ ಗಂಜಿ ಉಣ್ಣುವವರ ಮೇಲೆ, ಕುಸುಬೆ, ಶೇಂಗಾ, ತೆಂಗು, ಅಗಸೆಗಳನ್ನೇ ಇಟ್ಟುಕೊಂಡು ಅಷ್ಟೇ ಕಟ್ಟುನಿಟ್ಟಿನ ಪ್ರಯೋಗ ನಡೆಯಬೇಕು. ಎಣ್ಣೆ ನಮ್ಮಲ್ಲಿದೆ, ಬೆಳೆಯುವ ರೈತರಿದ್ದಾರೆ, ಪರೀಕ್ಷಿಸಬಲ್ಲ ಸಂಸ್ಥೆಗಳಿವೆ, ದಿನಚರಿ ಬರೆದು ಕೊಡಲು ಲಕ್ಷಾಂತರ ಜನರಿದ್ದಾರೆ. ಮುಂದಿನ ಅಧ್ಯಾಯವನ್ನು ಬರೆಯಬೇಕಾದವರು ನಾವು.